5,000 ಪೌಂಡ್ ಕೊಟ್ಟ ಮಾತ್ರಕ್ಕೆ ಕಲ್ಲು ಕರಗಿತು ಅಂತಲ್ಲ

ನಮ್ಮ ಆರೋಗ್ಯ ವಿಡಿಯೋದ ಸ್ಕ್ರಿಪ್ಟ್ ಲಾಕ್ ಆಗಿತ್ತು, ವಾಯ್ಸ್‌ಓವರ್‌ನವರು ಬೂತ್‌ನಲ್ಲಿ ಕೂತಾಗಿತ್ತು. ಆಗ ಈ ಸಾಲು ಕಣ್ಣಿಗೆ ಬಿತ್ತು: ‘ಮೂತ್ರಕೋಶದ ಕಲ್ಲು ಕರಗಿಸುವ ಔಷಧಿ 1739ರಲ್ಲೇ ಸಿಕ್ಕಿತ್ತು, ಬ್ರಿಟಿಷ್ ಪಾರ್ಲಿಮೆಂಟೇ ಅದಕ್ಕೆ 5,000 ಪೌಂಡ್ ಕೊಟ್ಟಿತು.’

ದುಡ್ಡು ಕೊಟ್ಟಿದ್ದು ನಿಜ. ಜೊವಾನಾ ಸ್ಟೀಫನ್ಸ್ ಎಂಬಾಕೆ ತನ್ನ ಔಷಧಿಯ ಗುಟ್ಟು ಬಿಟ್ಟುಕೊಡಲು ಕೇಳಿದ ಮೊತ್ತ ಅದು. ಗುಟ್ಟೇನೆಂದರೆ ಸುಟ್ಟು ಪುಡಿ ಮಾಡಿದ ಮೊಟ್ಟೆ ಚಿಪ್ಪು ಮತ್ತು ಬಸವನಹುಳು, ಸೋಪು, ಜೇನು, ಗಿಡಮೂಲಿಕೆ ಕಷಾಯ. ಸ್ಕ್ರಿಪ್ಟಿನ ಮಾಹಿತಿ ಸರಿಯೇ ಎಂದು ಗುರುತಿಸುವ ಫ್ಯಾಕ್ಟ್ ಶೀಟ್‌ನಲ್ಲಿ ಹಸಿರು ಟಿಕ್ ಬಿದ್ದಿತ್ತು.

“ಸೋರ್ಸ್ ಇದೆಯಲ್ಲ ಮೇಡಂ, ಬೂತ್ ಟೈಮ್ ಹೋಗ್ತಿದೆ” ಅಂದರು ಪ್ರೊಡ್ಯೂಸರ್.

“ದುಡ್ಡು ಕೊಟ್ಟಿದ್ದಕ್ಕೆ ಸೋರ್ಸ್ ಇದೆ ಸರ್. ಕಲ್ಲು ಕರಗಿದ್ದಕ್ಕೆ ಎಲ್ಲಿದೆ?”

ಅವರು ಗಡಿಯಾರ ನೋಡುತ್ತಲೇ ಇದ್ದರು, ನಾನು ಹೇಳುತ್ತಲೇ ಹೋದೆ. ಎಕ್ಸ್‌ರೇ ಬಂದಿದ್ದು 1895ರಲ್ಲಿ. ಸ್ಟೀಫನ್ಸ್ ಕಾಲದಲ್ಲಿ ಮೂತ್ರನಾಳದೊಳಗೆ ಲೋಹದ ಸಲಾಕೆ ತೂರಿಸಿ, ಕಲ್ಲಿಗೆ ತಾಗಿ ಟಕ್ ಅನ್ನುತ್ತದಾ ಎಂದು ಕಿವಿಗೊಟ್ಟು ಕೇಳುವುದೇ ಪರೀಕ್ಷೆ. ಕಲ್ಲು ಮೂತ್ರಕೋಶದ ಯಾವುದೋ ಚೀಲದಂಥ ಮಡಿಕೆಯಲ್ಲಿ ಸೇರಿಕೊಂಡಿದ್ದರೆ ಸದ್ದೇ ಬಾರದು, ಗುಣವಾಯಿತು ಅನ್ನಿಸಿಬಿಡುತ್ತದೆ. ಔಷಧಿ ಕುಡಿದವರ ಅನುಭವಗಳನ್ನು ಕಲೆಹಾಕಿ ಅದರ ಪರ ನಿಂತ ಇಂಗ್ಲಿಷ್ ತತ್ವಜ್ಞಾನಿ, ವೈದ್ಯ ಡೇವಿಡ್ ಹಾರ್ಟ್ಲಿಗೂ ಇದೇ ಕಾಯಿಲೆ. 1757ರಲ್ಲಿ ಸಾಯುವವರೆಗೂ ಅದು ಅವರನ್ನು ಬಿಡಲಿಲ್ಲ.

“ಹಾಗಾದರೆ ಎಲ್ಲಾ ಸುಳ್ಳು ಅಂತ ಹಾಕೋಣವೇ?”

ಅದೂ ತಪ್ಪು. ಸುಟ್ಟ ಚಿಪ್ಪಿನಿಂದ ಬರುವ ಸುಣ್ಣ, ಸೋಪು ಎರಡೂ ಕ್ಷಾರ. ಯೂರಿಕ್ ಆಮ್ಲದ ಕಲ್ಲನ್ನು ಮೂತ್ರ ಕ್ಷಾರೀಯವಾಗಿಸಿ ಕರಗಿಸುವ ಕ್ರಮ ಈಗಲೂ ಇದೆ, ವೈದ್ಯರು ಪೊಟ್ಯಾಸಿಯಂ ಸಿಟ್ರೇಟ್ ಕೊಡುವುದು ಅದಕ್ಕೇ. ಆದರೆ ಕಿಡ್ನಿಯ ಕಲ್ಲುಗಳಲ್ಲಿ ಹೆಚ್ಚಿನವು ಕ್ಯಾಲ್ಸಿಯಂನವು, ಅವು ಹೀಗೆ ಕರಗುವುದಿಲ್ಲ. ಇನ್ನು ಆ ಜನ ಸೋಪು ನುಂಗಿದ್ದಕ್ಕೆ ನಗುವುದು ನನಗೆ ಸರಿಬರುವುದಿಲ್ಲ. ಅವರಿಗಿದ್ದ ಇನ್ನೊಂದು ದಾರಿ ಎಚ್ಚರವಿದ್ದಂತೆಯೇ ಕೊಯ್ಯಿಸಿಕೊಳ್ಳುವುದು; ಈಥರ್ ಅರಿವಳಿಕೆ ಬಂದಿದ್ದೇ 1846ರಲ್ಲಿ. 1658ರಲ್ಲಿ ಇಂಗ್ಲೆಂಡಿನ ದಿನಚರಿಕಾರ ಸ್ಯಾಮ್ಯುಯೆಲ್ ಪೀಪ್ಸ್ ಕಲ್ಲು ತೆಗೆಸಿಕೊಂಡಾಗ ಅವರನ್ನು ಹಿಡಿದು ಕಟ್ಟಿಯೇ ಕೊಯ್ದಿದ್ದು.

ಕೊನೆಗೆ ಸಾಲು ಬದಲಾಯಿತು: ‘ಪಾರ್ಲಿಮೆಂಟ್ ಹಣ ಕೊಟ್ಟಿತು, ಕಲ್ಲು ಕರಗಿದ್ದು ಸಾಬೀತಾಗಲಿಲ್ಲ.’

ಶೀಟ್‌ನಲ್ಲಿ ‘ಆಮೇಲೆ ಏನಾಯಿತು’ ಎಂಬ ಕಾಲಮ್ ಬೇಕೆಂದು ಮ್ಯಾನೇಜ್‌ಮೆಂಟನ್ನು ಕೇಳಿದೆ. ಟೆಂಪ್ಲೇಟ್ ಎಲ್ಲ ಟೀಮಿಗೂ ಒಂದೇ, ಬದಲಿಸಲು ಬರುವುದಿಲ್ಲವಂತೆ. ನಮ್ಮದು ಆರೋಗ್ಯದ ವಿಡಿಯೋ. ಕಲ್ಲು ಅಡ್ಡ ಸಿಕ್ಕು ಜ್ವರ ಬಂದವರು ಇದನ್ನು ನೋಡಿ ಕಷಾಯ ಕುಡಿಯುತ್ತ ಕೂತರೆ ಕಿಡ್ನಿಯೇ ಹೋಗಬಹುದು, ಪ್ರಾಣಕ್ಕೂ ಅಪಾಯ. ಹಾಗಾಗಿ ಆ ಪ್ರಶ್ನೆಯನ್ನು ಪ್ರತಿ ಸ್ಕ್ರಿಪ್ಟಿನ ರಿಮಾರ್ಕ್ಸ್‌ನಲ್ಲಿ ನಾನೇ ಬರೆಯುತ್ತೇನೆ, ಉತ್ತರ ಬರುವವರೆಗೆ ಟಿಕ್ ಹಾಕುವುದಿಲ್ಲ.