ಭಾನುವಾರದ ಪುಡಿ

ಮಾರ್ಚ್ 9, 2025, ಭಾನುವಾರ

ಇವತ್ತಿಗೆ ಐದನೇ ಪೊಟ್ಟಣ. ಮೇಲೆ ‘ಕೊಲೆಕ್ಯಾಲ್ಸಿಫೆರಾಲ್ 60,000 ಯೂನಿಟ್’ ಅಂತಿದೆ, ಅಂದರೆ ವಿಟಮಿನ್ ಡಿ. ನಮ್ಮನೇಲಿ ಅದು ಭಾನುವಾರದ ಪುಡಿ. ಎಷ್ಟು ಕದಡಿದರೂ ನಾಲ್ಕು ಕಾಳು ಚಮಚದ ಬೆನ್ನಿಗೆ ಅಂಟಿಕೊಂಡೇ ಇರುತ್ತೆ. ನೆಕ್ಕಿಬಿಟ್ಟೆ. ಕೊಬ್ಬಿನಲ್ಲಿ ಕರಗೋ ವಿಟಮಿನ್ ಆದ್ದರಿಂದ ಊಟ ಆದ್ಮೇಲೆ, ಕೆನೆಹಾಲಲ್ಲಿ.

ಅಮ್ಮ ತಾರಸಿ ಮೇಲೆ ಸಂಡಿಗೆ ಇಟ್ಟಿದ್ದಾಳೆ. ಕಾಗೆ ಕಾಯೋ ಕೆಲಸ ನನ್ನದು. “ಹೇಗೂ ಬಿಸಿಲು ಬೇಕಲ್ಲ ನಿಂಗೆ” ಅಂದಳು. ಹೈಸ್ಕೂಲಿಗೆ ಹೋಗುವಾಗ “ಕಪ್ಪಾಗ್ತೀಯ” ಅಂತ ಕೊಡೆ ಹಿಡಿಸಿ ಕಳಿಸ್ತಿದ್ದವಳೂ ಇವಳೇ. ಒಂದು ಮಿಲಿಲೀಟರ್ ರಕ್ತದಲ್ಲಿ ಡಿ 20 ನ್ಯಾನೊಗ್ರಾಂಗಿಂತ ಕೆಳಗಿದ್ದರೆ ಕೊರತೆ ಅಂತಾರೆ, ನನ್ನದು 11.

ಅಲ್ಲಿಗೇ ದೊಡ್ಡಮ್ಮನ ಫೋನು. “ಡಿ ಸರಿಹೋದ್ರೆ ನಿನ್ನ ಎಂಡೋನೂ ಹೋಗತ್ತಂತೆ ಕಣೆ, ಸುಮ್ನೆ ಆಪರೇಷನ್ ಮಾಡಿಸ್ಕೊಂಡೆ.” ಮುಂಚೆ ಇವರೇ “ಮದುವೆಯಾದ್ರೆ ಹೋಗತ್ತೆ” ಅಂತಿದ್ದರು. ಮದುವೆಗಿಂತ ಪುಡಿ ಅಗ್ಗ, ಅಷ್ಟರಮಟ್ಟಿಗೆ ಸುಧಾರಣೆ.

ಪೂರ್ತಿ ಗಾಳಿಮಾತೇನಲ್ಲ. ಎಂಡೋ ಅಂದರೆ ಎಂಡೊಮೆಟ್ರಿಯೋಸಿಸ್: ಗರ್ಭಕೋಶದ ಒಳಪದರದಂಥದ್ದೇ ಅಂಗಾಂಶ ಹೊರಗೆಲ್ಲೋ ಬೇರೂರಿ ಉರಿಯೂತ ಎಬ್ಬಿಸೋದು ಈ ಕಾಯಿಲೆ. ಆ ಅಂಗಾಂಶದಲ್ಲಿ ವಿಟಮಿನ್ ಡಿಯನ್ನ ಹಿಡಿದುಕೊಳ್ಳೋ ಗ್ರಾಹಕಗಳಿವೆ (ರಿಸೆಪ್ಟರ್), ಉರಿಯೂತ ತಗ್ಗಿಸೋ ಗುಣ ಡಿಗೆ ಇದೆ. ಲೆಕ್ಕ ಕೂಡಿಬರುತ್ತೆ. ಆದರೆ ಬಾಸ್ಟನ್‌ನಲ್ಲಿ ನಡೆದು 2020ರಲ್ಲಿ ಪ್ರಕಟವಾದ ಪರೀಕ್ಷೆ ನೋಡಿ: 12ರಿಂದ 25 ವರ್ಷದ, ಎಂಡೋ ಇರೋ ಹುಡುಗಿಯರಿಗೆ ಆರು ತಿಂಗಳು ದಿನಾ 2,000 ಯೂನಿಟ್ ಕೊಟ್ಟರು. ನೋವು ಇಳಿಯಿತು. ಔಷಧವೇ ಇಲ್ಲದ ಹುಸಿಮಾತ್ರೆ ನುಂಗಿದವರಿಗೂ ಹೆಚ್ಚುಕಮ್ಮಿ ಅಷ್ಟೇ ಇಳಿಯಿತು! ಇರಾನಿನಲ್ಲಿ ಎಂಡೋಗೆ ಲ್ಯಾಪರೋಸ್ಕೋಪಿ (ಹೊಟ್ಟೆಯಲ್ಲಿ ಸಣ್ಣ ತೂತು ಮಾಡಿ ಮಾಡೋ ಆಪರೇಷನ್) ಆದವರಿಗೆ 12 ವಾರ, ವಾರಕ್ಕೆ 50,000 ಕೊಟ್ಟರೂ ವ್ಯತ್ಯಾಸ ಕಾಣಲಿಲ್ಲ. ಅದೇ ದೇಶದ ಇನ್ನೊಂದು ಪರೀಕ್ಷೆಯಲ್ಲಿ ಕಿಬ್ಬೊಟ್ಟೆ ನೋವು ಕಮ್ಮಿಯಾಗಿದೆ. ಎಲ್ಲವೂ ನೂರು ಜನರೂ ಇಲ್ಲದ ಸಣ್ಣ ಪರೀಕ್ಷೆಗಳು. ಇದನ್ನ ನಂಬಿ ಚಿಕಿತ್ಸೆ ಬಿಡೋಕೆ ನಾನಂತೂ ತಯಾರಿಲ್ಲ.

ನಮ್ಮ ಡಾಕ್ಟರು ಪುಡಿ ಬರೆದುಕೊಟ್ಟಿದ್ದೇ ಬೇರೆ ಕಾರಣಕ್ಕೆ. ಎಂಡೋದಿಂದ ಅಂಡಾಶಯದಲ್ಲಿ ಹಳೆ ರಕ್ತ ತುಂಬಿಕೊಂಡಿದ್ದ ಚೀಲ, ಅಂದರೆ ಚಾಕೊಲೇಟ್ ಸಿಸ್ಟ್, ತೆಗೆಸಿದ ಮೇಲೆ ದಿನಾ 2 ಮಿಲಿಗ್ರಾಂ ಡೈನೋಜೆಸ್ಟ್ ಅನ್ನೋ ಹಾರ್ಮೋನ್ ಮಾತ್ರೆ ತಗೊಳ್ತಿದ್ದೀನಿ. ವರ್ಷಗಟ್ಟಲೆ ತಗೊಂಡರೆ ಮೂಳೆ ಸ್ವಲ್ಪ ಸವೆಯಬಹುದು, ಅದರ ಮೇಲೆ ಈ 11 ಬೇರೆ. ಎಂಟು ವಾರ ಆದ್ಮೇಲೆ ಮತ್ತೆ ರಕ್ತ ಕೊಡಬೇಕು. ಜಾಸ್ತಿಯಾದರೆ ಕ್ಯಾಲ್ಸಿಯಂ ಏರುತ್ತೆ, ನೀವಾಗಿ ಮುಂದುವರಿಸ್ಬೇಡಿ ಅಂದಿದ್ದಾರೆ.

ದೊಡ್ಡಮ್ಮನಿಗೆ ಇಷ್ಟೆಲ್ಲ ಹೇಳಿ ಮುಗಿಸೋ ಹೊತ್ತಿಗೆ ಕಾಗೆ ಒಂದು ಸಾಲು ಸಂಡಿಗೆ ಮುಗಿಸಿತ್ತು. ಅಮ್ಮ ಇನ್ನೂ ಮೇಲೆ ಬಂದಿಲ್ಲ.