ಆವತ್ತು ಕರೆಂಟ್ ಹೋಗಿತ್ತು

ಈ ವಾರ ನನಗೆ ಸರಿಯಾಗಿ ನಿದ್ದೆ ಬಂದಿಲ್ಲ. ಕಣ್ಣು ಮುಚ್ಚಿದರೆ ಮೂಡಿಗೆರೆಯ ಆ ಗ್ಯಾರೇಜು ಕಾಣುತ್ತದೆ. ಎರಡು ಕಲ್ಲಿನ ಮೇಲೆ ನಮ್ಮ ಜಿಪ್ಸಿಯ ಪೆಟ್ರೋಲ್ ಟ್ಯಾಂಕು. ಪಕ್ಕದಲ್ಲಿ ಗ್ರೈಂಡರ್ ಹಿಡಿದು ನಿಂತ ಹುಡುಗ. ಆರಡಿ ದೂರದಲ್ಲಿ ಹಳೇ ಟೈರಿನ ಮೇಲೆ ಕೂತು ಚುರುಮುರಿ ತಿನ್ನುತ್ತಿರುವ ನನ್ನ ಮಗಳು. ನಾನು ಫೋನಿನಲ್ಲಿ ಲೈನ್‌ಮನ್ ಹತ್ತಿರ ಹೇಳುತ್ತಿದ್ದೇನೆ, "ಕರೆಂಟ್ ಯಾವಾಗ ಬರುತ್ತೆ? ಸ್ವಲ್ಪ ಬೇಗ ಹಾಕ್ಸಿ ಮಾರಾಯ್ರೆ, ಅರ್ಜೆಂಟ್ ಕೆಲಸ ಇದೆ."

ಟ್ಯಾಂಕು ದೊಡ್ಡದು ಮಾಡಿಸಬೇಕು ಅನ್ನೋದು ನನ್ನ ಎರಡು ಮಳೆಗಾಲದ ಆಸೆ. ನಮ್ಮದು 1998ರ ಕಾರ್ಬೊರೇಟರ್ ಜಿಪ್ಸಿ. ಕಂಪನಿ ಟ್ಯಾಂಕು 40 ಲೀಟರಿನದು. ಟಾರ್ ರಸ್ತೆಗೆ ಅಷ್ಟು ಸಾಕು. ಆದರೆ ತೋಟದ ಏರಿನಲ್ಲಿ ಫೋರ್ ವೀಲ್ ಲೋ ಹಾಕಿ ಕೆಸರು ಹತ್ತಿಸುವಾಗ ಲೀಟರಿಗೆ ನಾಲ್ಕು ಕಿಲೋಮೀಟರ್ ಬಂದರೆ ಪುಣ್ಯ. ಟ್ಯಾಂಕು ಕಾಲುಭಾಗಕ್ಕೆ ಇಳಿದರೆ ಇನ್ನೊಂದು ಕಾಟ. ಕಡಿದಾದ ಏರಿನಲ್ಲಿ ಪೆಟ್ರೋಲೆಲ್ಲ ಹಿಂದಕ್ಕೆ ಓಡುತ್ತದೆ, ಎಳೆಯುವ ಪೈಪಿನ ಬಾಯಿಗೆ ಗಾಳಿ ಸಿಗುತ್ತದೆ, ಇಂಜಿನ್ ಕೆಮ್ಮಿ ಕೆಮ್ಮಿ ನಿಲ್ಲುತ್ತದೆ. ನಮ್ಮಲ್ಲಿಂದ ಬಂಕಿಗೆ 18 ಕಿಲೋಮೀಟರ್. 2019ರ ಆಗಸ್ಟಿನಲ್ಲಿ ಚಾರ್ಮಾಡಿ ಘಾಟಿ ಕುಸಿದು, ಮಲೆಮನೆ ಕಡೆ ಗುಡ್ಡಗಳೇ ಜಾರಿ ಬಂದಾಗ ನಮಗೆ ದಾರಿ, ಕರೆಂಟ್, ಪೆಟ್ರೋಲ್ ಮೂರೂ ಇರಲಿಲ್ಲ. ಆ ದಿನಗಳನ್ನು ಕಂಡವರಿಗೆ 25 ಲೀಟರ್ ಜಾಸ್ತಿ ಯಾಕೆ ಬೇಕು ಅಂತ ಬಿಡಿಸಿ ಹೇಳಬೇಕಿಲ್ಲ. ಕ್ಯಾನಿನಲ್ಲಿ ತುಂಬಿಸಿ ಮನೆಯಲ್ಲಿಡೋದು ನನಗೆ ಇಷ್ಟವಿಲ್ಲ. ಲೈಸೆನ್ಸ್ ಇಲ್ಲದೆ 30 ಲೀಟರಿಗಿಂತ ಜಾಸ್ತಿ ಇಡುವ ಹಾಗೂ ಇಲ್ಲ.

ನನ್ನ ಲೆಕ್ಕ ಸರಳವಾಗಿತ್ತು. ಹಳೇ ಟ್ಯಾಂಕಿನ ಒಂದು ಬದಿ ಕೊಯ್ದು, ಡಬ್ಬಿಯ ಹಾಗೆ ಒಂದು ತುಂಡು ಸೇರಿಸಿ ವೆಲ್ಡ್ ಮಾಡಿಸಿದರೆ ಆಯಿತು. ಟ್ಯಾಂಕು ಕಳಚಿ ಒಂದು ತಿಂಗಳಾಗಿತ್ತು, ಒಳಗೆ ಒಂದು ಹನಿಯೂ ಇರಲಿಲ್ಲ. ಸೋಮವಾರ ಮಗಳನ್ನು ಸ್ಕೂಲಿನಿಂದ ಕರೆದುಕೊಂಡು ಹಾಗೇ ಗ್ಯಾರೇಜಿಗೆ ಹೋದೆ. ಹುಡುಗ ಚುರುಕಿನವನು, ಕೈ ತುಂಬಾ ಚೊಕ್ಕ. ಟ್ಯಾಂಕಿನೊಳಗೆ ಬಟ್ಟೆ ಬಿಟ್ಟು ಒರೆಸಿದ. "ಒಣಗಿದೆ ಅಣ್ಣ, ಒಂದು ಗಂಟೆ ಕೆಲಸ" ಅಂದ. ಸೀಮೆಸುಣ್ಣದಲ್ಲಿ ಗೆರೆ ಎಳೆದ. ಗ್ರೈಂಡರಿಗೆ ಕಟಿಂಗ್ ವೀಲ್ ಹಾಕಿದ. ಸ್ವಿಚ್ಚಿಗೆ ಕೈ ಇಡುವ ಹೊತ್ತಿಗೆ ಕರೆಂಟ್ ಹೋಯಿತು.

ಮಳೆಗೆ ಎಲ್ಲೋ ಕೊಂಬೆ ಬಿದ್ದಿತ್ತಂತೆ. ಎರಡು ಗಂಟೆ ಕಾದೆವು. ನಾನು ಲೈನ್‌ಮನ್‌ಗೆ ಎರಡು ಸಲ ಫೋನ್ ಮಾಡಿದೆ, ಎರಡನೇ ಸಲ ದನಿ ಏರಿಸಿಯೇ ಮಾತಾಡಿದೆ. ಆ ಮನುಷ್ಯ ಮಳೆಯಲ್ಲಿ ನೆನೆಯುತ್ತಾ ಕಂಬದ ಹತ್ತಿರ ನಿಂತಿದ್ದರು. ಕೊನೆಗೆ ಕತ್ತಲಾಯಿತು ಅಂತ ಟ್ಯಾಂಕನ್ನು ಗಾಡಿಗೆ ಹಾಕಿಕೊಂಡು ಮನೆಗೆ ಬಂದೆವು.

ಬುಧವಾರ ಚಿಕ್ಕಮಗಳೂರಿನಲ್ಲಿ ಬೇರೆ ಕೆಲಸವಿತ್ತು. ಅಲ್ಲೇ ಮಾಡಿಸಿಬಿಡೋಣ ಅಂತ ಟ್ಯಾಂಕನ್ನೂ ಹಾಕಿಕೊಂಡು ಹೋದೆ. ಪರಿಚಯದವರು ಒಬ್ಬ ಹಳೇ ಮೇಸ್ತ್ರಿಯ ಶೆಡ್ಡಿಗೆ ಕಳಿಸಿದರು. ಎಪ್ಪತ್ತರ ಹತ್ತಿರದ ವಯಸ್ಸು, ಮಾತು ಕಡಿಮೆ. ಟ್ಯಾಂಕು ನೋಡಿ, ನನ್ನ ಪ್ಲಾನು ಕೇಳಿ, "ಆಗಲ್ಲ" ಅಂದರು. ಅಷ್ಟೇ.

"ಖಾಲಿ ಇದೆ ಮೇಸ್ತ್ರಿ. ಒಂದು ತಿಂಗಳಾಯ್ತು" ಅಂದೆ.

ಅವರು ಮುಚ್ಚಳ ತೆಗೆದು ಟ್ಯಾಂಕಿನ ಬಾಯಿಯನ್ನು ನನ್ನ ಮೂಗಿನ ಹತ್ತಿರ ತಂದರು. "ವಾಸನೆ ಇದೆಯಲ್ವಾ ಗೌಡ್ರೆ?"

"ಇದೆ."

"ವಾಸನೆ ಇದೆ ಅಂದ್ರೆ ಪೆಟ್ರೋಲ್ ಇದೆ. ತುಂಬಿದ ಟ್ಯಾಂಕಿಗೆ ನಾನು ಇಷ್ಟು ಹೆದರಲ್ಲ. ಖಾಲಿ ಟ್ಯಾಂಕಿಗೆ ಹೆದರ್ತೀನಿ."

ಆಮೇಲೆ ತಲೆ ಎತ್ತಿ ಮಾಡಿನ ಕಡೆ ಕೈ ತೋರಿಸಿದರು. ಹೊಗೆ ಹಿಡಿದು ಕಪ್ಪಾದ ಶೀಟುಗಳ ನಡುವೆ ಊಟದ ತಟ್ಟೆಗಿಂತ ಸ್ವಲ್ಪ ದೊಡ್ಡ ತೇಪೆ. ಬೇರೆ ಬಣ್ಣದ್ದು. ಸುತ್ತ ರಿವೆಟ್ ಹೊಡೆದಿತ್ತು. "ಅದು ಒಂದು ಖಾಲಿ ಡ್ರಮ್ಮಿನ ಮುಚ್ಚಳ ಹೋದ ದಾರಿ" ಅಂದರು. ಯಾರಿಗೆ ಏನಾಯಿತು ಅಂತ ನಾನು ಕೇಳಲಿಲ್ಲ. ಅವರೂ ಹೇಳಲಿಲ್ಲ.

ಮನೆಗೆ ಬಂದು ಓದಿದೆ. ಮೇಸ್ತ್ರಿ ಒಂದೇ ಸಾಲಿನಲ್ಲಿ ಹೇಳಿದ್ದೇ ಅದರಲ್ಲಿತ್ತು. ತುಂಬಿದ ಟ್ಯಾಂಕಿನೊಳಗೆ ಗಾಳಿಗೆ ಜಾಗ ಇರಲ್ಲ, ಗಾಳಿ ಇಲ್ಲದೆ ಬೆಂಕಿ ಇಲ್ಲ. ಖಾಲಿ ಟ್ಯಾಂಕಿನಲ್ಲಿ ಗಾಳಿಯೂ ಇರುತ್ತದೆ, ಆವಿಯೂ ಇರುತ್ತದೆ. ಪೆಟ್ರೋಲಿನ ಆವಿ ಗಾಳಿಗಿಂತ ಮೂರು ಪಟ್ಟಿಗೂ ಜಾಸ್ತಿ ಭಾರ, ಹಾಗಾಗಿ ತಳದಲ್ಲೇ ಮಲಗಿರುತ್ತದೆ. ತಗಡಿನ ಮಡಿಕೆಯಲ್ಲಿ, ತುಕ್ಕಿನೊಳಗೆ ಇಂಗಿದ್ದು ಬಿಸಿ ತಾಗಿದ ಕೂಡಲೇ ಮತ್ತೆ ಹೊರಗೆ ಬರುತ್ತದೆ. ನೂರು ಪಾಲು ಗಾಳಿಯಲ್ಲಿ ಹೆಚ್ಚುಕಡಿಮೆ ಒಂದೂವರೆಯಿಂದ ಏಳೂವರೆ ಪಾಲು ಆವಿ ಸೇರಿದರೆ ಒಂದು ಕಿಡಿ ಸಾಕು. ಲೆಕ್ಕ ಹಾಕಿ ನೋಡಿದೆ. 40 ಲೀಟರಿನ ಟ್ಯಾಂಕಿಗೆ ಒಂದು ಟೀ ಚಮಚ ಪೆಟ್ರೋಲ್ ಆವಿಯಾದರೂ ಆ ಅಳತೆ ಆಗಿಬಿಡುತ್ತದೆ. ಒಂದು ಟೀ ಚಮಚ! ಕಟಿಂಗ್ ವೀಲಿನಿಂದ ಬರುವುದು ಒಂದು ಕಿಡಿಯಲ್ಲ, ಕಿಡಿಗಳ ಜಡಿಮಳೆ.

ಆವತ್ತಿನಿಂದ ಅದೇ ಚಿತ್ರ. ಟ್ಯಾಂಕು, ಗ್ರೈಂಡರು, ಟೈರಿನ ಮೇಲೆ ಕಾಲು ಅಲ್ಲಾಡಿಸುತ್ತಾ ಕೂತ ಮಗಳು. ಬೇಗ ಹಾಕ್ಸಿ ಮಾರಾಯ್ರೆ ಅನ್ನುವ ನನ್ನದೇ ದನಿ. ಹೆಂಡತಿಗೆ ಎರಡು ದಿನ ಹೇಳಲೇ ಇಲ್ಲ. ಹೇಳಿದ ಮೇಲೆ ಅವಳು ಬೈಯಲಿಲ್ಲ. ಎದ್ದು ಹೋಗಿ ಮಲಗಿದ್ದ ಮಗಳ ಹೊದಿಕೆ ಸರಿಮಾಡಿ ಬಂದಳು. ಲೈನ್‌ಮನ್‌ಗೆ ಫೋನ್ ಮಾಡಿ ಅವತ್ತು ಜೋರು ಮಾತಾಡಿದ್ದಕ್ಕೆ ತಪ್ಪಾಯ್ತು ಅಂದೆ. ಅವರಿಗೆ ನೆನಪೇ ಇರಲಿಲ್ಲ. "ದಿನಾ ಇದ್ದದ್ದೇ ಬಿಡಿ" ಅಂದರು.

ಮೇಸ್ತ್ರಿ ಹೊಸ ತಗಡಿನಲ್ಲಿ ಬೇರೆ ಟ್ಯಾಂಕು ಮಾಡಿಕೊಟ್ಟರು. ಎರಡು ಮಿಲಿಮೀಟರ್ ಶೀಟು. 70 ಸೆಂಟಿಮೀಟರ್ ಉದ್ದ, 45 ಅಗಲ, 21 ಎತ್ತರ. ಗುಣಿಸಿದರೆ 66 ಲೀಟರ್ ಚಿಲ್ಲರೆ. ಪೆಟ್ರೋಲ್ ಬಿಸಿಗೆ ಹಿಗ್ಗುತ್ತದೆ, ಅದಕ್ಕೆ ಮೇಲೆ ಜಾಗ ಬಿಡಬೇಕು. ಒಳಗೆ ತೂತು ಕೊರೆದ ಎರಡು ಅಡ್ಡ ತಗಡು, ಪೆಟ್ರೋಲ್ ಒಮ್ಮೆಲೇ ಒಂದು ಕಡೆ ನುಗ್ಗದಿರಲಿ ಅಂತ. ತಳದ ನಡುವೆ ಬಟ್ಟಲಿನಷ್ಟು ಗುಂಡಿ, ಎಳೆಯುವ ಪೈಪಿನ ಬಾಯಿ ಅದರೊಳಗೆ. ಇನ್ನು ಏರಿನಲ್ಲಿ ಇಂಜಿನ್ ಕೆಮ್ಮುವುದಿಲ್ಲ. ಗಾಳಿಯಾಡುವ ಪೈಪನ್ನು ಮೇಲಕ್ಕೆ ಎಳೆದು ಬಾಗಿಸಿದ್ದಾರೆ, ಹಳ್ಳ ದಾಟುವಾಗ ನೀರು ಹೋಗಬಾರದಲ್ವಾ? ನಾನು ಇಡೀ ದಿನ ಪಕ್ಕದಲ್ಲೇ ನಿಂತು ನೋಡಿದೆ. ಇಷ್ಟು ಒಳ್ಳೆ ಕೈಕೆಲಸ ನೋಡಿ ವರ್ಷಗಳಾಗಿತ್ತು.

ಎಲ್ಲಾ ಮುಗಿದ ಮೇಲೆ ಬಾಯಿಗಳನ್ನೆಲ್ಲ ಮುಚ್ಚಿ ಸೈಕಲ್ ಪಂಪಿನಲ್ಲಿ ಸ್ವಲ್ಪವೇ ಗಾಳಿ ಹೊಡೆದರು. ಜಾಸ್ತಿ ಹೊಡೆದರೆ ತಗಡು ಉಬ್ಬುತ್ತದಂತೆ. ಬ್ರಶ್ಶಿನಲ್ಲಿ ಸೋಪಿನ ನೀರು ಅದ್ದಿ ಜಾಯಿಂಟುಗಳ ಮೇಲೆಲ್ಲ ಸವರಿದರು. ಮೂರು ಬದಿ ಏನೂ ಇಲ್ಲ. ನಾಲ್ಕನೇ ಬದಿಯ ಮೂಲೆಯಲ್ಲಿ ಸಾಸಿವೆ ಕಾಳಿನಷ್ಟು ಒಂದು ಗುಳ್ಳೆ. ಒಡೆಯಿತು. ಅದೇ ಜಾಗದಲ್ಲಿ ಇನ್ನೊಂದು ಎದ್ದಿತು. ಮೇಸ್ತ್ರಿ ಕನ್ನಡಕ ಸರಿಮಾಡಿಕೊಂಡು ಆ ಗುಳ್ಳೆಯನ್ನೇ ನೋಡುತ್ತಾ ನಿಂತರು, ಗಾಳಿ ಬಿಟ್ಟರು, ಒರೆಸಿದರು, ಮತ್ತೆ ವೆಲ್ಡ್ ಇಟ್ಟರು.

ಈಗ ಟ್ಯಾಂಕು ಜಿಪ್ಸಿಯ ಹೊಟ್ಟೆಯಡಿ ಕೂತಿದೆ. ಪಟ್ಟಿಗೂ ಟ್ಯಾಂಕಿಗೂ ನಡುವೆ ರಬ್ಬರ್, ಕೆಳಗೆ ಕಲ್ಲು ತಾಗದಂತೆ ದಪ್ಪ ಪ್ಲೇಟು. ಪೆಟ್ರೋಲ್ ಎಷ್ಟಿದೆ ಅಂತ ಮೀಟರಿಗೆ ತಿಳಿಸುವ ಹಳೇ ಫ್ಲೋಟಿಗೆ (ತೇಲುವ ಬುರುಡೆಗೆ) ಹೊಸ ಎತ್ತರ ಹೊಂದಲಿಲ್ಲ. ಅದಕ್ಕೆ ಐದೈದು ಲೀಟರ್ ಸುರಿದು, ಮುಳ್ಳು ಎಲ್ಲಿ ನಿಲ್ಲುತ್ತದೆ ಅಂತ ಮೀಟರಿನ ಗಾಜಿನ ಮೇಲೆ ಗುರುತು ಹಾಕಿಕೊಂಡೆ. ತುಂಬಿದಾಗ ಪೆಟ್ರೋಲಿನ ತೂಕವೇ ಹದಿನೆಂಟು ಕೆಜಿ ಜಾಸ್ತಿ. ಸದ್ಯಕ್ಕೆ ಓಡಾಟ ತೋಟದೊಳಗೆ ಮಾತ್ರ. ಕಂಪನಿ ಕೊಟ್ಟ ನಮೂನೆ ಬದಲಾಗುವ ಹಾಗೆ ಗಾಡಿ ಮಾರ್ಪಡಿಸುವಂತಿಲ್ಲ ಅಂತ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳುತ್ತದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಗಟ್ಟಿ ಮಾಡಿ ಹೇಳಿದೆ. ಆರ್‌ಟಿಒದಲ್ಲಿ ಕೇಳದೆ ಗೇಟು ದಾಟಿಸಬೇಡ ಅಂತ ಅಪ್ಪ ಹೇಳಿದ್ದಾರೆ. ಅವರ ಮಾತು ಸರಿ. ಹಳೇ ಟ್ಯಾಂಕು ಕೊಯ್ಯದೆ ಇಡೀಯಾಗಿ ಉಳಿದಿದೆ, ಬೇಕಾದರೆ ವಾಪಸ್ ಕೂರಿಸಬಹುದು.

ನಮ್ಮ ಕಡೆ "ಆಗುತ್ತೆ" ಅನ್ನುವವರಿಗೇ ಬೆಲೆ. ತೋಟದ ಕೆಲಸದಲ್ಲಿ ನಾನೂ ಅಂಥವರನ್ನೇ ಹುಡುಕುತ್ತೇನೆ. "ಆಗಲ್ಲ" ಅಂದರೆ ಸೋಮಾರಿ, ದುರಹಂಕಾರಿ ಅಂತ ಎದ್ದು ಬರುತ್ತೇವೆ. ಮೇಸ್ತ್ರಿ ಹಾಗಂದಾಗ ನನಗೂ ಮೊದಲು ಬಂದದ್ದು ಸಿಟ್ಟೇ. ಹುಡುಗನ ಮೇಲೆ ಮಾತ್ರ ನನಗೆ ಸಿಟ್ಟಿಲ್ಲ. ಹದಿನೈದನೇ ವಯಸ್ಸಿಗೆ ಗ್ಯಾರೇಜು ಸೇರಿದವನು, ಕೈ ನೋಡಿ ಕಲಿತವನು. ಕೂರಿಸಿಕೊಂಡು ಹೇಳಿಕೊಟ್ಟವರು ಯಾರಿದ್ದಾರೆ? ನಾನು ಕಾಲೇಜು ಓದಿದವನು. ಕೆಮಿಸ್ಟ್ರಿಯಲ್ಲಿ ಪಾಸಾದವನು. ಮಗಳನ್ನು ಅಲ್ಲಿ ಕೂರಿಸಿದವನು ನಾನು.

ನಿನ್ನೆ ಮೂಡಿಗೆರೆಗೆ ಹೋಗಿ ಅವನಿಗೆ ಎಲ್ಲಾ ಹೇಳಿದೆ. ಮೊದಲು ನಕ್ಕ. "ನಾಲ್ಕು ಟ್ಯಾಂಕ್ ಮಾಡಿದ್ದೀನಣ್ಣ, ಏನೂ ಆಗಿಲ್ಲ." ಟೀ ಚಮಚದ ಲೆಕ್ಕ ಹೇಳಿದೆ, ಮಾಡಿನ ತೇಪೆಯ ವಿಷಯ ಹೇಳಿದೆ. ನಗು ನಿಂತಿತು. ಸ್ವಲ್ಪ ಹೊತ್ತು ಬಿಟ್ಟು, "ನಿಮ್ಮ ಪಾಪು ಅಲ್ಲೇ ಕೂತಿತ್ತಲ್ಲಣ್ಣ" ಅಂದ.

ಮೂಲೆಯಲ್ಲಿ ಒಂದು ಬುಲೆಟ್ಟಿನ ಟ್ಯಾಂಕು ವೆಲ್ಡಿಂಗಿಗೆ ಅಂತ ಕೂತಿತ್ತು. "ಇದು?" ಅಂದೆ. "ನಾಳೆ ಕೊಡಬೇಕು" ಅಂದ. ಅಲ್ಲೇ ನಿಂತು ಚಿಕ್ಕಮಗಳೂರಿಗೆ ಫೋನ್ ಮಾಡಿ, ಮೇಸ್ತ್ರಿ ಎತ್ತಿದ ಮೇಲೆ ಅವನ ಕೈಗೆ ಕೊಟ್ಟೆ.