ತಾಬೋರ್: ರಾಜನಿಲ್ಲದೆ ಎದ್ದ ಊರು

ಪ್ರಾಗ್‌ನಲ್ಲಿ ನಮ್ಮ ಮನೆಗೆ ಬರುವ ನೆಂಟರೆಲ್ಲ ಮೊದಲು ಕೇಳುವುದು ಚೆಸ್ಕಿ ಕ್ರುಮ್ಲೋವ್. ಚೆಂದದ ಊರೇ, ಇಲ್ಲ ಅನ್ನಲ್ಲ. ಆದರೆ ಬೇಸಿಗೆಯಲ್ಲಿ ಅಲ್ಲಿ ಕಾಲಿಡಲು ಜಾಗ ಸಿಗಲ್ಲ. ನಾನು ಅವರನ್ನು ತಾಬೋರ್ ರೈಲು ಹತ್ತಿಸುತ್ತೇನೆ. ದಕ್ಷಿಣಕ್ಕೆ ಒಂದೂವರೆ ಗಂಟೆ ದಾರಿ, ಅಷ್ಟೇ.

ಈ ಊರನ್ನು ಯಾವ ರಾಜನೂ ಕಟ್ಟಿಸಲಿಲ್ಲ. ಚರ್ಚಿನ ದುರಾಸೆಯನ್ನು ಬಯ್ದ ಯಾನ್ ಹುಸ್ ಎಂಬ ಪಾದ್ರಿಯನ್ನು 1415ರಲ್ಲಿ ಈಗಿನ ಜರ್ಮನಿಯ ಕಾನ್‌ಸ್ಟನ್ಸ್ ಊರಲ್ಲಿ ಜೀವಂತ ಸುಟ್ಟರು. ಬೊಹೆಮಿಯಾ, ಅಂದರೆ ಇಂದಿನ ಚೆಕ್ ದೇಶದ ಪಶ್ಚಿಮ ಭಾಗ, ರೊಚ್ಚಿಗೆದ್ದಿತು. ಅವನ ಅನುಯಾಯಿಗಳಲ್ಲಿ ಅತಿ ಬಿಸಿರಕ್ತದವರು 1420ರಲ್ಲಿ ಲುಝ್ನಿತ್ಸೆ ನದಿ ಪಕ್ಕದ ಗುಡ್ಡಕ್ಕೆ ಬಂದು ನೆಲೆನಿಂತರು. ಬೈಬಲ್ಲಿನ ಬೆಟ್ಟದ ಹೆಸರನ್ನೇ ಊರಿಗಿಟ್ಟರು.

ಬಂದವರು ತಮ್ಮ ದುಡ್ಡನ್ನೆಲ್ಲ ದೊಡ್ಡ ಮರದ ತೊಟ್ಟಿಗಳಿಗೆ ಸುರಿಯಬೇಕಿತ್ತು. ನನ್ನದು ನಿನ್ನದು ಅಂತ ಇಲ್ಲ, ಎಲ್ಲರೂ ಅಣ್ಣತಮ್ಮಂದಿರು, ಅಕ್ಕತಂಗಿಯರು. ಹೊಲ ಮನೆ ಬಿಟ್ಟು ಬಂದವರಿದ್ದರು. ಎಂಥ ಧೈರ್ಯ ಅಲ್ವಾ? ಆದರೆ ತೊಟ್ಟಿಯ ದುಡ್ಡು ಎಷ್ಟು ದಿನ ಬಂದೀತು? ಅದೇ ವರ್ಷ ಚಳಿಗಾಲ ಬರುವ ಮೊದಲೇ ಸುತ್ತಲಿನ ರೈತರಿಂದ ಕಂದಾಯ ವಸೂಲಿ ಶುರುವಾಯಿತು. ಜಮೀನ್ದಾರರನ್ನು ಬಯ್ಯುತ್ತಾ ಗುಡ್ಡ ಹತ್ತಿದವರು ಇವರೇ! ಇಲ್ಲಿನ ಮ್ಯೂಸಿಯಂಗೆ ಹೋದಾಗಲೆಲ್ಲ ನನ್ನ ತಲೆ ಕೆಡಿಸುವುದು ಈ ಕಥೆ. ಯುದ್ಧಗಳಲ್ಲ.

ಚರ್ಚಿನ ಪರ ನಿಂತ ಸೇನೆಗಳ ಜೊತೆ ಯುದ್ಧವೂ ಕಡಿಮೆ ಇರಲಿಲ್ಲ ಬಿಡಿ. ಇವರ ಸೇನಾನಾಯಕ ಯಾನ್ ಝಿಷ್ಕಾಗೆ ಒಂದೇ ಕಣ್ಣು. 1421ರಲ್ಲಿ ರಾಬಿ ಕೋಟೆಯ ಮುತ್ತಿಗೆಯಲ್ಲಿ ಅದೂ ಹೋಯಿತು. ಕುರುಡನಾಗಿಯೂ ಗೆಲ್ಲುತ್ತಲೇ ಹೋದ. ಅವನ ಆಯುಧ ರೈತರ ಗಾಡಿ. ಅವನ್ನು ಸರಪಳಿಯಲ್ಲಿ ಬಿಗಿದು ಕೋಟೆಯಂತೆ ನಿಲ್ಲಿಸಿ ಒಳಗಿನಿಂದ ಕೋವಿ ಹಾರಿಸುತ್ತಿದ್ದರು. ಗಾಡಿಯ ಪಕ್ಕಕ್ಕೆ ದಪ್ಪ ಹಲಗೆ ಕಟ್ಟಿರುತ್ತಿದ್ದರು. ಚಕ್ರಗಳ ನಡುವೆ, ಗಾಡಿಯ ಹೊಟ್ಟೆಗೂ ಇನ್ನೊಂದು ಹಲಗೆ. ಶತ್ರು ಕೆಳಗಿನಿಂದ ನುಸುಳಬಾರದಲ್ಲ, ಅದಕ್ಕೆ.

ಮ್ಯೂಸಿಯಂ ಇರುವುದು ಹಳೇ ಪುರಭವನದಲ್ಲಿ. ಅಲ್ಲಿಂದಲೇ ನೆಲಮಾಳಿಗೆಗೆ ಇಳಿಯಬಹುದು. ಚೌಕದ ಮನೆಗಳ ಕೆಳಗಿನ ಮಾಳಿಗೆಗಳನ್ನು ಒಂದಕ್ಕೊಂದು ಜೋಡಿಸಿದ ಸುರಂಗ ಇದು. ಬಿಯರ್ ಪೀಪಾಯಿ ಇಡುತ್ತಿದ್ದರು, ಅಪಾಯ ಬಂದರೆ ಅಡಗುತ್ತಿದ್ದರು. ಒಳಗೆ ಚಳಿ ಜಾಸ್ತಿ, ಸ್ವೆಟರ್ ಇರಲಿ.

ಬೀದಿಗಳು ಅಡ್ಡಾದಿಡ್ಡಿ. ಶತ್ರುಗಳಿಗೆ ದಾರಿ ತಪ್ಪಲಿ ಅಂತ ಬೇಕೆಂದೇ ಹೀಗೆ ಮಾಡಿದರು ಅನ್ನುತ್ತಾರೆ. ನನಗೇನೋ ಅವಸರದಲ್ಲಿ ಬಿಡಾರ ಹಾಕಿದವರು ಸುಮ್ನೆ ಹಾಗೇ ಮನೆ ಕಟ್ಟಿಕೊಂಡರು ಅನಿಸುತ್ತೆ.

ಇನ್ನು ಯೋರ್ಡಾನ್ ಕೆರೆ. ಗುಡ್ಡದ ಮೇಲಿನ ಊರಿಗೆ ನೀರಿನ ತಾಪತ್ರಯ. ಅದಕ್ಕೇ 1492ರಲ್ಲಿ ಹೊಳೆಗೆ ಮಣ್ಣಿನ ಕಟ್ಟೆ ಹಾಕಿದರು. ಅದು ಇವತ್ತಿಗೂ ನಿಂತಿದೆ. ಬೇಸಿಗೆಯಲ್ಲಿ ಊರಿನ ಮಕ್ಕಳೆಲ್ಲ ಅದರಲ್ಲೇ ಈಜುತ್ತಿರುತ್ತಾರೆ. ಸ್ವೆಟರ್ ಜೊತೆಗೆ ಒಂದು ಟವೆಲ್ಲನ್ನೂ ಬ್ಯಾಗಿಗೆ ಹಾಕಿಕೊಳ್ಳಿ.